ಸೈನಿಕ ಕೇಳುವಂತಿಲ್ಲ, ನಾವು ಕೇಳಬಹುದು

(ಧಾರವಾಡದ ಕಾಲೇಜೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರು ಫೋನ್ ಮಾಡಿದಾಗ "ಸರ, ಸೈನಿಕರ ಬಗ್ಗೆ ಹುಡುಗರಿಗೆ ಸ್ಫೂರ್ತಿ ಬರೂ ಹಂಗ ಒಂದೆರಡು ಮಾತು ಹೇಳ್ರಿ" ಅಂದರು. ನಾನು ವಕೀಲ. ಸ್ಫೂರ್ತಿ ತುಂಬುವವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಟೇಬಲ್ಲಿನ ಮುಂದೆ ಬಂದು ಕೂರುವವರು ಮಾಜಿ ಸೈನಿಕರು, ಅವರ ಹೆಂಡಂದಿರು, ಒಮ್ಮೊಮ್ಮೆ ತಾಯಂದಿರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಡಿಸ್ಚಾರ್ಜ್ ಬುಕ್ಕು, ಪಿಪಿಒ ಅನ್ನುವ ಪಿಂಚಣಿ ಆದೇಶ, ಮಡಿಕೆಯಲ್ಲೆಲ್ಲ ಹರಿದ ಮೆಡಿಕಲ್ ಬೋರ್ಡಿನ ಕಾಗದ. ಮಾತಾಡುವುದಾದರೆ ಆ ಚೀಲದ ಬಗ್ಗೆ ಮಾತಾಡುತ್ತೇನೆ ಅಂದೆ. ಒಪ್ಪಿಕೊಂಡರು.

ಸೇನೆಗೆ ಸೇರುವ ಹುಡುಗ ಒಂದು ಪ್ರಮಾಣ ಮಾಡುತ್ತಾನೆ. ನೆಲ, ಜಲ, ಆಕಾಶ, ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಕುತ್ತು ಬಂದರೂ ಆಜ್ಞೆ ಮೀರುವುದಿಲ್ಲ ಅಂತ. ಇದು ನಿಮಗೆಲ್ಲ ಗೊತ್ತು. ಅದೇ ದಿನ ಅವನು ಇನ್ನೂ ಏನನ್ನೋ ಬಿಟ್ಟುಕೊಡುತ್ತಾನೆ, ಅದನ್ನು ಯಾರೂ ಹೇಳುವುದಿಲ್ಲ. ಸಂವಿಧಾನದ 33ನೇ ವಿಧಿ ಸೇನೆಯವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆ, 1954ರ ಸೇನಾ ನಿಯಮಗಳು ಅದನ್ನು ವಿವರವಾಗಿ ಹೇಳುತ್ತವೆ. ಸೈನಿಕನಾದವನು ಸಂಘ ಕಟ್ಟುವಂತಿಲ್ಲ. ಧರಣಿ ಕೂರುವಂತಿಲ್ಲ. ಅನುಮತಿ ಇಲ್ಲದೆ ಪತ್ರಿಕೆಯವರ ಜೊತೆ ಸೇವೆಯ ವಿಷಯ ಮಾತಾಡುವಂತಿಲ್ಲ. ದೂರಿದ್ದರೆ ಮೇಲಧಿಕಾರಿಗೆ ಬರೆಯಬೇಕು, ಅವರಿಂದ ಅವರ ಮೇಲಿನವರಿಗೆ ಹೋಗಬೇಕು.

ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಬಂದೂಕು ಹಿಡಿದವರು ಯೂನಿಯನ್ ಕಟ್ಟಿಕೊಂಡ ದೇಶಗಳ ಗತಿ ಏನಾಯಿತು ಅಂತ ಸುತ್ತಮುತ್ತ ನೋಡಿದರೆ ಗೊತ್ತಾಗುತ್ತದೆ. ಆದರೆ ಒಂದು ಮಾತು. ಬಸ್ ಡ್ರೈವರಿಗೆ ಸಂಬಳ ತಡವಾದರೆ ಬಸ್ ನಿಲ್ಲುತ್ತದೆ, ಮರುದಿನ ಪೇಪರಿನಲ್ಲಿ ಬರುತ್ತದೆ, ಮಂತ್ರಿ ಮಾತಾಡಲೇಬೇಕಾಗುತ್ತದೆ. ಸೈನಿಕನ ವಿಷಯದಲ್ಲಿ ಆ ಒತ್ತಡವೇ ಇಲ್ಲ. ಕೇಳುವ ಬಾಯಿಯನ್ನು ಸರ್ಕಾರವೇ ಕಾನೂನು ಮಾಡಿ ಮುಚ್ಚಿರುವಾಗ, ಯಾರೂ ಕೇಳದೆಯೂ ಲೆಕ್ಕ ಒಪ್ಪಿಸುವ ಹೊಣೆ ಆ ಸರ್ಕಾರದ ಮೇಲೆ ಇನ್ನೂ ಹೆಚ್ಚು ಬೀಳುತ್ತದೆ. ಅದು ತಾನಾಗಿ ಒಪ್ಪಿಸದಿದ್ದರೆ ಕೇಳಬೇಕಾದವರು ಹೊರಗಿರುವ ನಾವು. ನಾನು ಈವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

2017ರ ಜನವರಿಯಲ್ಲಿ ಒಬ್ಬ ಯೋಧ ನೀರು ನೀರಾದ ಬೇಳೆ, ಸುಟ್ಟ ರೊಟ್ಟಿ ತೋರಿಸಿ ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅವರು ಭೂಸೇನೆಯವರಲ್ಲ, ಬಿಎಸ್‌ಎಫ್‌ನವರು. ಅದು ಗೃಹ ಇಲಾಖೆಯ ಅಡಿಯಲ್ಲಿ ಬರುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರನ್ನು ಕೆಲಸದಿಂದ ವಜಾ ಮಾಡಿದರು. ಶಿಸ್ತು ಮುರಿದದ್ದು ನಿಜ, ಅದರ ವಾದ ಬೇರೆ. ಆ ಸುದ್ದಿ ನೋಡಿದ ಉಳಿದ ಲಕ್ಷಾಂತರ ಜನ ಕಲಿತ ಪಾಠ ಯಾವುದು ಅಂತ ಯೋಚಿಸಿ.

ಭರ್ತಿಯಿಂದ ಶುರು ಮಾಡೋಣ, ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಬೇಕಾದದ್ದು ಅದೇ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಬೆಳಗಿನ ನಾಲ್ಕೂವರೆಗೆ ಡಾಂಬರು ರಸ್ತೆಯಲ್ಲಿ ಓಡುವ ಹುಡುಗರನ್ನು ನೀವು ನೋಡಿರುತ್ತೀರಿ. 1.6 ಕಿಲೊಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಅದರ ಮೇಲೆ ಹದಿನೈದು ಸೆಕೆಂಡಿನೊಳಗೆ ಬಂದರೆ 48. ಕೊನೆಯ ಮಿತಿ ದಾಟಿದರೆ ಮನೆಗೆ. ಹತ್ತು ಪುಲ್-ಅಪ್ ಹೊಡೆದರೆ 40 ಅಂಕ. ಒಂಬತ್ತು ಅಡಿಯ ಗುಂಡಿ ಹಾರಬೇಕು, ವಂಕಿ ವಂಕಿಯಾದ ಕಂಬದ ಮೇಲೆ ನಡೆಯಬೇಕು. ಆಮೇಲೆ ಎತ್ತರ, ತೂಕ, ಎದೆ. ಆಮೇಲೆ ಮೆಡಿಕಲ್. ಮೊಣಕಾಲು ಒಂದಕ್ಕೊಂದು ತಾಗಿದರೆ ಇಲ್ಲ, ಪಾದ ಚಪ್ಪಟೆಯಾಗಿದ್ದರೆ ಇಲ್ಲ. ಇಷ್ಟರ ನಡುವೆ ನಾಡಕಚೇರಿಯ ಜಾತಿ ಪ್ರಮಾಣಪತ್ರ, ವಾಸಸ್ಥಳ ಪತ್ರ, ನಡತೆ ಪತ್ರ, ಮದುವೆಯಾಗಿಲ್ಲವೆಂಬ ಪತ್ರ. ಒಂದು ಅಕ್ಷರ ತಪ್ಪಿದ್ದರೂ ಸಾಲಿನಿಂದ ಹೊರಗೆ. ಈ ಹುಡುಗರ ಶಿಸ್ತಿನ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಈಗ ಇನ್ನೊಂದು ಪಕ್ಷದ ಶಿಸ್ತು ನೋಡೋಣ. 2019-20ರಲ್ಲಿ ಭೂಸೇನೆ 80,572 ಜನರನ್ನು ಭರ್ತಿ ಮಾಡಿಕೊಂಡಿತು. ಇದು ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ. ಮುಂದಿನ ಎರಡು ವರ್ಷ ಕೊರೊನಾ ಎಂದು ಭರ್ತಿ ನಿಂತಿತು. 2020-21ರಲ್ಲಿ ಕೆಲವು ಕಡೆ ರ್‍ಯಾಲಿ ನಡೆದಿತ್ತು. ಓಟ, ಮೆಡಿಕಲ್ ಎರಡೂ ಮುಗಿಸಿದ ಹುಡುಗರು ಲಿಖಿತ ಪರೀಕ್ಷೆಗೆ ಕಾದರು. ನಡುವೆ 2021ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಪ್ರಶ್ನೆಪತ್ರಿಕೆ ಸೋರಿ ದೇಶದುದ್ದಕ್ಕೂ ಪರೀಕ್ಷೆ ರದ್ದಾಯಿತು. ಆಮೇಲೆ ಮುಂದೂಡಿಕೆ, ಮತ್ತೆ ಮುಂದೂಡಿಕೆ. ಚುನಾವಣಾ ಸಭೆಗಳು ನಡೆದವು, ಮದುವೆಗಳು ನಡೆದವು, ಕುಂಭಮೇಳ ನಡೆಯಿತು. ಈ ಪರೀಕ್ಷೆ ಮಾತ್ರ ನಡೆಯಲಿಲ್ಲ. 2022ರ ಜೂನ್ 14ರಂದು, ನಾಲ್ಕೇ ವರ್ಷಕ್ಕೆ ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ ಘೋಷಣೆಯಾಯಿತು. ಹಳೆಯ ಪ್ರಕ್ರಿಯೆಯೆಲ್ಲ ರದ್ದು, ಹೊಸದಾಗಿ ಅರ್ಜಿ ಹಾಕಿ ಅಂದರು.

ಆಗ ಹೇಳಿದ ವಯೋಮಿತಿ ಹದಿನೇಳೂವರೆಯಿಂದ 21. ಎರಡು ವರ್ಷ ಕಾದ ಹುಡುಗರಲ್ಲಿ ಬಹಳ ಜನ ಅದನ್ನು ದಾಟಿ ಹೋಗಿದ್ದರು. ಗಲಾಟೆ ಎದ್ದ ಮೇಲೆ, ಘೋಷಣೆಯಾದ ಎರಡೇ ದಿನದಲ್ಲಿ, ಆ ವರ್ಷದ ಮಟ್ಟಿಗೆ 23ಕ್ಕೆ ಏರಿಸಿದರು. ಎರಡು ದಿನದಲ್ಲಿ ಮಾಡಬಹುದಾಗಿದ್ದನ್ನು ಎರಡು ದಿನ ಮೊದಲೇ ಯಾಕೆ ಯೋಚಿಸಿರಲಿಲ್ಲ? ಆ ವಾರ ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ ಗೋಲಿಬಾರ್ ಆಗಿ ಒಬ್ಬ ಹುಡುಗ ಸತ್ತ. ನಮ್ಮ ಧಾರವಾಡದಲ್ಲೂ ಪೊಲೀಸರು ಲಾಠಿ ಬೀಸಿದರು. ರೈಲಿಗೆ ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಓಟದಲ್ಲಿ ಒಂದು ಸೆಕೆಂಡ್ ತಡವಾದರೆ ಹುಡುಗನನ್ನು ಮನೆಗೆ ಕಳಿಸುವ ವ್ಯವಸ್ಥೆ, ತಾನು ಎರಡು ವರ್ಷ ತಡಮಾಡಿದ್ದಕ್ಕೆ ಯಾರನ್ನೂ ಮನೆಗೆ ಕಳಿಸಲಿಲ್ಲ.

ಈ ಹುಡುಗರಲ್ಲಿ ಕೆಲವರು ಕೋರ್ಟಿಗೆ ಹೋದರು. 2023ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿ ಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ವಜಾ ಮಾಡಿತು. ಭರ್ತಿ ಪೂರ್ತಿಯಾಗುವ ಮೊದಲು ಅಭ್ಯರ್ಥಿಗೆ ಕೆಲಸದ ಹಕ್ಕು ಹುಟ್ಟುವುದಿಲ್ಲ ಎಂಬುದು ನ್ಯಾಯ. ವಕೀಲನಾಗಿ ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಕಾನೂನಿನ ಪ್ರಕಾರ ಸರಿ ಅಂದಾಕ್ಷಣ ಉತ್ತರದಾಯಿತ್ವ ಮುಗಿಯಿತು ಅಂತ ಅಲ್ಲ. ಕೋರ್ಟಿನ ಕೆಲಸ ಮುಗಿದಲ್ಲಿ ಸಂಸತ್ತಿನ ಕೆಲಸ ಶುರುವಾಗಬೇಕು.

ಅಗ್ನಿಪಥದ ಲೆಕ್ಕ ಒಂದಿಷ್ಟು ಹೇಳುತ್ತೇನೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ಮುರಿದು ಸೇವಾ ನಿಧಿಗೆ ಹಾಕುತ್ತಾರೆ, ಅಷ್ಟೇ ಹಣ ಸರ್ಕಾರ ಸೇರಿಸುತ್ತದೆ. ನಾಲ್ಕು ವರ್ಷಕ್ಕೆ ಹುಡುಗನ ಪಾಲು ಐದು ಲಕ್ಷ ಚಿಲ್ಲರೆ, ಸರ್ಕಾರದ್ದು ಐದು ಲಕ್ಷ ಚಿಲ್ಲರೆ, ಬಡ್ಡಿ ಸೇರಿ ಸುಮಾರು 11.71 ಲಕ್ಷ. ತೆರಿಗೆ ಇಲ್ಲ. ನಾಲ್ಕು ವರ್ಷದ ಕೊನೆಗೆ ನೂರಕ್ಕೆ 25ರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರು ಹೊರಗೆ. ಹೊರಗೆ ಬಂದವನಿಗೆ ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ, ಮಾಜಿ ಸೈನಿಕ ಎನ್ನುವ ಸ್ಥಾನವೂ ಇಲ್ಲ. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ವಾಪಸ್ ಬರುತ್ತೇನೆ.

ಸೇನೆಯ ಸರಾಸರಿ ವಯಸ್ಸು ಇಳಿಸಬೇಕು ಎಂಬ ವಾದದಲ್ಲಿ ಹುರುಳಿದೆ. ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ಬೆಟ್ಟ ಹತ್ತುವ ಕೆಲಸಕ್ಕೆ ಎಳೆಯ ಶ್ವಾಸಕೋಶ ಬೇಕು. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಇದನ್ನೇ ಹೇಳಿತ್ತು. ಹದಿನೇಳು ವರ್ಷದ ಸೇವೆಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಿ ಅಂದಿತ್ತು. ಅಗ್ನಿಪಥ ಬಂದಾಗ ಟಿವಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರು! ಆದರೆ ಆ ಶಿಫಾರಸಿನ ಉಳಿದರ್ಧ ಏನೆಂದರೆ, ಹೀಗೆ ಬಿಟ್ಟವರನ್ನು ಅರೆಸೇನಾ ಪಡೆಗಳಿಗೆ ಸೇರಿಸಿಕೊಳ್ಳಿ ಎಂಬುದು. ಅಂದರೆ ಸೇನೆ ಬಿಟ್ಟವನ ಕೈಯಲ್ಲಿ ಇನ್ನೊಂದು ಸರ್ಕಾರಿ ಕೆಲಸ ಇರಬೇಕು. ಏಳು ವರ್ಷ ನಾಲ್ಕಾಯಿತು, ಸೇರಿಸಿಕೊಳ್ಳಿ ಎಂಬುದು 2022ರ ಘೋಷಣೆಯಲ್ಲಿ ಶೇ 10 ಮೀಸಲಾತಿ ಆಯಿತು. ನೂರಕ್ಕೆ 75 ಜನ ಹೊರಬರುವಾಗ ಹುದ್ದೆಯಲ್ಲಿ ಹತ್ತನೇ ಒಂದು ಪಾಲು! ಮೊದಲ ತಂಡದವರು ಒಳಗೆ ಹೋದದ್ದು 2022ರ ಕೊನೆ, 2023ರ ಆರಂಭದಲ್ಲಿ. ನಾಲ್ಕು ವರ್ಷ ಕೂಡಿಸಿ ನೋಡಿ, ಪರೀಕ್ಷೆ ಹುಡುಗರಿಗಲ್ಲ, ಯೋಜನೆ ಮಾಡಿದವರಿಗೆ.

ಪಿಂಚಣಿ ಹೊರೆಯ ಮಾತೂ ಬರುತ್ತದೆ. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿಯಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ದೊಡ್ಡ ಮೊತ್ತ, ಅನುಮಾನವಿಲ್ಲ. (ಅದರಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರ ಪಿಂಚಣಿಯೂ ಸೇರಿದೆ. ಟಿವಿಯಲ್ಲಿ ಇದನ್ನು ಹೇಳುವುದಿಲ್ಲ.) ಹಣ ಉಳಿಸಬೇಕಾದರೆ ಸರ್ಕಾರ ಅದನ್ನು ಬಾಯಿಬಿಟ್ಟು ಹೇಳಲಿ, ಸಂಸತ್ತಿನಲ್ಲಿ ಚರ್ಚೆಯಾಗಲಿ. ಅಗ್ನಿಪಥ ಮಸೂದೆಯಾಗಿ ಸಂಸತ್ತಿಗೆ ಬರಲೇ ಇಲ್ಲ, ಪತ್ರಿಕಾಗೋಷ್ಠಿಯಲ್ಲಿ ಬಂತು.

ಅಗ್ನಿಪಥದಲ್ಲಿ ಸೇರಿದವನನ್ನು ಅಗ್ನಿವೀರ ಅನ್ನುತ್ತಾರೆ. ಕರ್ತವ್ಯದಲ್ಲಿ ಸತ್ತ ಅಗ್ನಿವೀರನ ಮನೆಗೆ ಏನು ಸಿಗುತ್ತದೆ? 2024ರ ಜನವರಿಯಲ್ಲಿ ನೆಲಬಾಂಬ್ ಸಿಡಿದು ಪಂಜಾಬಿನ ಒಬ್ಬ ಅಗ್ನಿವೀರ ಸತ್ತ. ಆರು ತಿಂಗಳ ಮೇಲೆ ಲೋಕಸಭೆಯಲ್ಲಿ ಪರಿಹಾರ ಕೊಟ್ಟಿಲ್ಲ, ಕೊಟ್ಟಿದ್ದೇವೆ ಎಂದು ಜಗಳವಾದಾಗ ಸೇನೆಯೇ ಲೆಕ್ಕ ಕೊಟ್ಟಿತು: ಒಟ್ಟು ಸುಮಾರು 1.65 ಕೋಟಿ, ಅದರಲ್ಲಿ 98.39 ಲಕ್ಷ ಕೊಟ್ಟಾಗಿದೆ, ಉಳಿದದ್ದು ಪೊಲೀಸ್ ಪರಿಶೀಲನೆ ಆದ ಮೇಲೆ. ಸಣ್ಣ ಮೊತ್ತವಲ್ಲ. ಆದರೆ ಪಕ್ಕದಲ್ಲೇ ಸತ್ತ ಖಾಯಂ ಸಿಪಾಯಿಯ ಮನೆಯವರಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ, ಇವರಿಗೆ ಬರುವುದಿಲ್ಲ. ಕೋಟಿ ರೂಪಾಯಿ ಒಂದೇ ಸಲ ಬಂದ ಮನೆಗೆ ಎಷ್ಟು ಜನ ನೆಂಟರು ಹುಟ್ಟಿಕೊಳ್ಳುತ್ತಾರೆ, ಅತ್ತೆ ಸೊಸೆಯರ ನಡುವೆ ಎಂಥ ಕೇಸು ಬೀಳುತ್ತದೆ ಅಂತ ನನ್ನಂಥವರಿಗೆ ಗೊತ್ತು. ತಿಂಗಳ ಪಿಂಚಣಿಯನ್ನು ಯಾರೂ ಕಿತ್ತುಕೊಳ್ಳಲಾಗದು. ಅಗ್ನಿವೀರನ ಮನೆಯವರಿಗೂ ಖಾಯಂ ಸೈನಿಕನಷ್ಟೇ ಸವಲತ್ತು ಕೊಡಿ ಎಂದು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿಯೇ ಹೇಳಿದೆ. ಎಲ್ಲ ಪಕ್ಷದವರೂ ಇರುವ ಸಮಿತಿ ಅದು.

ತರಬೇತಿಯ ವಿಷಯ. ನಮ್ಮ ರಾಜ್ಯದಲ್ಲೇ ಎಷ್ಟು ತರಬೇತಿ ಕೇಂದ್ರಗಳಿವೆ ನೋಡಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ, ಸಾಂಬ್ರಾದಲ್ಲಿ ವಾಯುಪಡೆಯ ಶಾಲೆ, ಬೆಂಗಳೂರಿನ ಹಲಸೂರಿನಲ್ಲಿ ಸೇನೆಯ ಎಂಜಿನಿಯರಿಂಗ್ ದಳ ಎಂಇಜಿ. ಅಲ್ಲಿ ಕಲಿಸುವ ಉಸ್ತಾದರ ಬಗ್ಗೆ ನನಗೆ ಗೌರವವಿದೆ. ಮಗ ಊರಿಗೆ ಬಂದಾಗ ಹಾಸಿಗೆ ಮಡಚಿಟ್ಟದ್ದು ನೋಡಿ ಕಣ್ಣೀರು ಹಾಕಿದ ತಾಯಂದಿರನ್ನು ನೋಡಿದ್ದೇನೆ.

ಆದರೆ ತರಬೇತಿಯಲ್ಲೂ ಜನ ಸಾಯುತ್ತಾರೆ, ಕೈಕಾಲು ಮುರಿದುಕೊಳ್ಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ನಾಸಿಕ್‌ನಲ್ಲಿ ಫಿರಂಗಿ ಅಭ್ಯಾಸದ ವೇಳೆ ಶೆಲ್ ಸಿಡಿದು ಇಬ್ಬರು ಅಗ್ನಿವೀರರು ಸತ್ತರು. ಇಂಥ ಪ್ರತಿ ಘಟನೆಗೂ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯ ಒಳಗಿನ ತನಿಖೆ, ಆಗುತ್ತದೆ. ಅದರ ವರದಿಯಲ್ಲಿ ಏನಿತ್ತು, ಮದ್ದಿನ ತಪ್ಪೋ ಮನುಷ್ಯನ ತಪ್ಪೋ, ಏನು ಬದಲಾಯಿಸಿದರು ಎಂಬುದು ಜನರಿಗೆ ಗೊತ್ತಾಗುವುದು ಅಪರೂಪ. ಗುಪ್ತವಾಗಿರಬೇಕಾದದ್ದು ಗುಪ್ತವಾಗಿರಲಿ. ಶೆಲ್ ಯಾಕೆ ಹಾಗೆ ಸಿಡಿಯಿತು ಎಂಬುದರಲ್ಲಿ ಶತ್ರುವಿಗೆ ಸಿಗುವ ರಹಸ್ಯ ಎಷ್ಟಿರುತ್ತದೆ?

ಇದಕ್ಕಿಂತ ನನ್ನನ್ನು ಕಾಡಿದ್ದು ಕ್ಯಾಡೆಟ್‌ಗಳ, ಅಂದರೆ ಅಧಿಕಾರಿಯಾಗಲು ತರಬೇತಿ ಪಡೆಯುವವರ ಕಥೆ. ಪಿಯುಸಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರುವ ಹುಡುಗ ಮೂರು ವರ್ಷ ಅಲ್ಲಿ, ಆಮೇಲೆ ಅಕಾಡೆಮಿಯಲ್ಲಿ ತರಬೇತಿ ಪಡೆದು ಅಧಿಕಾರಿಯಾಗುತ್ತಾನೆ. ಅಧಿಕಾರಿಯಾಗುವ ಹಿಂದಿನ ದಿನ ಕುದುರೆಯಿಂದ ಬಿದ್ದು ಬೆನ್ನುಮೂಳೆ ಮುರಿದರೂ ಅವನು ಸೈನಿಕನಲ್ಲ. ಬೋರ್ಡ್ ಔಟ್ ಮಾಡಿ, ಅಂದರೆ ಮೆಡಿಕಲ್ ಬೋರ್ಡಿನಲ್ಲಿ ಅನರ್ಹ ಎಂದು ಬರೆದು, ಮನೆಗೆ ಕಳಿಸುತ್ತಾರೆ. ಮಾಜಿ ಸೈನಿಕ ಸ್ಥಾನ ಇಲ್ಲ, ಪಿಂಚಣಿ ಇಲ್ಲ, ಎಕ್ಸ್‌ಗ್ರೇಷಿಯಾ (ಅನುಗ್ರಹ ಧನ) ಹೆಸರಿನಲ್ಲಿ ಅಂಗವೈಕಲ್ಯದ ಮಟ್ಟ ನೋಡಿ ತಿಂಗಳಿಗೆ ಹೆಚ್ಚೆಂದರೆ 40,000. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇಲ್ಲದ ಮಗನನ್ನು ನೋಡಿಕೊಳ್ಳುವ ಮನೆಗೆ ಅದು ಔಷಧಿಗೂ ಸಾಲದು. 1985ರಿಂದ ಹೀಗೆ ಹೊರಬಂದವರು ಸುಮಾರು 500. ನಲವತ್ತು ವರ್ಷ! ಎಷ್ಟು ಸರ್ಕಾರ ಬಂದವು, ಹೋದವು, ಎಷ್ಟು ರಕ್ಷಣಾ ಮಂತ್ರಿಗಳು, ಎಷ್ಟು ಕಡತಗಳು. 2025ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಪತ್ರಿಕೆಯೊಂದು ಇದನ್ನು ಬರೆಯಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ವಿಮೆ ಯಾಕಿಲ್ಲ, ಮೊತ್ತ ಯಾಕೆ ಹೆಚ್ಚಿಸಿಲ್ಲ, ಇವರಿಗೆ ಬೇರೆ ಕೆಲಸ ಯಾಕೆ ಕೊಡಬಾರದು ಎಂದು ಕೇಳಿತು. ಅದೇ ತಿಂಗಳ ಕೊನೆಗೆ ಸರ್ಕಾರ ಇಸಿಎಚ್‌ಎಸ್ ಚಿಕಿತ್ಸೆ ಕೊಡಲು ಒಪ್ಪಿತು. ನಲವತ್ತು ವರ್ಷ ಆಗದ್ದು ಎರಡು ವಾರದಲ್ಲಿ ಆಯಿತು. ಹಣ ಇರಲಿಲ್ಲ ಅಂತ ಅಲ್ಲ, ನಿಯಮ ಅಡ್ಡ ಇತ್ತು ಅಂತಲೂ ಅಲ್ಲ. ಕೇಳುವವರು ಇರಲಿಲ್ಲ.

ಸರ್ಕಾರದ ಲೆಕ್ಕ ಕೇಳುವುದು ಅಂದರೆ ಸೈನಿಕರನ್ನು ಅವಮಾನಿಸುವುದು ಎಂಬ ಮಾತು ಈಚೆಗೆ ಜೋರಾಗಿದೆ. ಅದಕ್ಕೆ ನಾನು ಸಿಯಾಚಿನ್ ವರದಿ ತೋರಿಸುತ್ತೇನೆ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಖರ್ಚುವೆಚ್ಚ ಪರಿಶೋಧಿಸುವ ಸಿಎಜಿಯ ವರದಿ ಅದು. ಎತ್ತರದ ಹಿಮಪ್ರದೇಶದಲ್ಲಿರುವ ಸೈನಿಕರಿಗೆ ಹಿಮ ಕನ್ನಡಕಗಳ ಕೊರತೆ ಶೇ 62ರಿಂದ 98ರವರೆಗೆ ಇತ್ತು. ಬೂಟು ಹೊಸದು ಬಾರದೆ ಹಳೆಯದನ್ನೇ ಮರುಬಳಸಿದ್ದರು. ಪಡಿತರದಲ್ಲಿ ಕ್ಯಾಲೊರಿ ಕೆಲವೆಡೆ ಶೇ 82ರಷ್ಟು ಕಡಿಮೆ. ಇದು ಹಳೆಯ ವರ್ಷಗಳ ಲೆಕ್ಕ, ಈಗ ಸರಿಯಾಗಿದೆ ಎಂದು ಸೇನೆ ಹೇಳಿತು. ಹಾಗೇ ಇರಲಿ. ಆದರೆ ಆ ಹಳೆಯ ವರ್ಷಗಳಲ್ಲಿ ಅಲ್ಲಿ ನಿಂತಿದ್ದವರು ಯಾರು? 2016ರ ಫೆಬ್ರುವರಿಯಲ್ಲಿ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದಾಗ ಅಡಿಯಲ್ಲಿ ಸಿಕ್ಕವರಲ್ಲಿ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಇದ್ದರು. ಹಿಮಕುಸಿತಕ್ಕೂ ಕನ್ನಡಕಕ್ಕೂ ಸಂಬಂಧ ಇಲ್ಲ, ಅದನ್ನು ಬೆರೆಸುತ್ತಿಲ್ಲ. ಅವರ ಫೋಟೊಗೆ ಹಾರ ಹಾಕಿದ ನಾವು ಅವರ ಜೊತೆಯವರ ಬೂಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅನ್ನುವುದು ನನ್ನ ಮಾತು.

ಈಗ ಆ ಪ್ಲಾಸ್ಟಿಕ್ ಚೀಲಕ್ಕೆ ಬರೋಣ.

ಒಬ್ಬ ತಾಯಿ ನನ್ನಲ್ಲಿಗೆ ಬಂದರು. ಗಂಡ ತೀರಿಕೊಂಡು ವರ್ಷದ ಮೇಲಾಗಿತ್ತು, ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಕಾರಣ ಏನೆಂದರೆ, ಮದುವೆಯಾದಾಗ ಗಂಡ ಯೂನಿಟ್ಟಿನಲ್ಲಿ ಬರೆಸಿದ ಹೆಸರಿನ ಕೊನೆಯ 'ವ್ವ' ಅಲ್ಲಿಯ ಗುಮಾಸ್ತನ ಕೈಯಲ್ಲಿ 'ವಾ' ಆಗಿತ್ತು. ಆಧಾರ್ ಮಾಡಿಸುವಾಗ ಊರಿನ ಹುಡುಗ ಅದನ್ನು 'ಮ್ಮ' ಮಾಡಿದ್ದ. ಬ್ಯಾಂಕಿನಲ್ಲಿ ಮೂರನೆಯದೇ ಒಂದು ರೂಪ. ಹುಟ್ಟಿದ ವರ್ಷವೂ ಮೂರು ಕಡೆ ಮೂರು. ಕಚೇರಿಯಿಂದ ಬಂದ ಪತ್ರ ಇಂಗ್ಲಿಷಿನಲ್ಲಿತ್ತು, ಅವರಿಗೆ ಕನ್ನಡವೇ ಓದಲು ಬಾರದು. ಆ ಪತ್ರವನ್ನು ದೇವರ ಜಗುಲಿಯಲ್ಲಿಟ್ಟು ಉತ್ತರಕ್ಕೆ ಕಾದಿದ್ದರು, ಉತ್ತರ ಕೊಡಬೇಕಾದವರು ತಾವು ಎಂದು ಗೊತ್ತಿಲ್ಲದೆ. ಅಫಿಡವಿಟ್ಟು, ಪಂಚಾಯಿತಿ ದೃಢೀಕರಣ, ತಹಶೀಲ್ದಾರರ ಪತ್ರ, ಹಳೆಯ ಜೋಡಿ ಫೋಟೊ, ಎಲ್ಲ ಕೂಡಿಸಿ ಕಳಿಸಿದೆವು. ಕೊನೆಗೆ ಆಯಿತು. ಗಂಡ ಎಪ್ಪತ್ತೊಂದರ ಯುದ್ಧ ಕಂಡವರು. ಹೆಂಡತಿ ಒಂದು ಒತ್ತಕ್ಷರದ ಜೊತೆ ಯುದ್ಧ ಮಾಡಿದರು.

ಇದು ಯಾರೋ ಒಬ್ಬರ ದುಷ್ಟತನ ಅಲ್ಲ. ಪಿಂಚಣಿಯನ್ನು ಬ್ಯಾಂಕುಗಳಿಂದ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ 2022ರ ಏಪ್ರಿಲ್‌ನಲ್ಲಿ ಗುರುತಿನ ದಾಖಲೆ ನವೀಕರಣವಾಗಿಲ್ಲವೆಂದು 58 ಸಾವಿರಕ್ಕೂ ಹೆಚ್ಚು ಜನರ ಪಿಂಚಣಿ ನಿಂತಿತು. ಗದ್ದಲವಾದ ಮೇಲೆ ಸಚಿವಾಲಯ ಗಡುವು ವಿಸ್ತರಿಸಿ ಹಣ ಹಾಕಿತು. ವ್ಯವಸ್ಥೆ ಬದಲಾಯಿಸುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುವ ನಿವೃತ್ತ ಕರ್ನಲ್‌ರನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಸವದತ್ತಿ ಕಡೆಯ ಹಳ್ಳಿಯ ಹವಾಲ್ದಾರರ ವಿಧವೆ ಅವರ ಕಣ್ಣಿಗೆ ಬೀಳುವುದಿಲ್ಲ.

ಅಂಗವೈಕಲ್ಯ ಪಿಂಚಣಿಯದು ಇನ್ನೊಂದು ಕಥೆ. ಸೇರುವಾಗ ಹುಡುಗನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ 'ಫಿಟ್' ಎಂದು ಬರೆದವರು, ಹದಿನೈದು ವರ್ಷದ ಮೇಲೆ ಬಂದ ಕಾಯಿಲೆಗೆ 'ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ' ಎಂದು ಬರೆದುಬಿಡುತ್ತಾರೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು: ಸೇರುವಾಗ ಕಾಯಿಲೆ ದಾಖಲಾಗಿಲ್ಲವೆಂದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಆದರೂ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸೈನಿಕ ಗೆದ್ದ ಮೇಲೆ ಸರ್ಕಾರ ಮೇಲ್ಮನವಿ ಹಾಕುತ್ತಲೇ ಹೋಯಿತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಕೇಂದ್ರದ ಅಂಥ ಸುಮಾರು 300 ಅರ್ಜಿಗಳನ್ನು ಒಟ್ಟಿಗೇ ವಜಾ ಮಾಡಿತು. ಸುಳ್ಳು ಹೇಳಿ ಅಂಗವೈಕಲ್ಯ ಪಿಂಚಣಿ ಪಡೆಯುವವರೂ ಇದ್ದಾರೆ, ಅಧಿಕಾರಿಗಳಲ್ಲಿ ಈ ಪಿಂಚಣಿ ಪಡೆದು ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಬಹಳ ಹೆಚ್ಚು ಎಂಬುದನ್ನು ಸಿಎಜಿ ಕೂಡ ಎತ್ತಿ ತೋರಿಸಿದೆ. ಅದನ್ನು ತಡೆಯಿರಿ, ಯಾರು ಬೇಡ ಅಂದರು? ಅದಕ್ಕಾಗಿ ಕಿವಿ ಕೇಳದ ಗನ್ನರ್‌ನನ್ನು ಸುಪ್ರೀಂ ಕೋರ್ಟಿನವರೆಗೆ ಎಳೆಯುವುದು ಯಾವ ಲೆಕ್ಕ? ಅವನ ವಕೀಲರ ಫೀಸು ಅವನ ಜೇಬಿನಿಂದ, ಸರ್ಕಾರದ ವಕೀಲರ ಫೀಸೂ ಒಂದು ರೀತಿಯಲ್ಲಿ ಅವನ ಜೇಬಿನಿಂದಲೇ.

ಉದ್ಯೋಗ ಮೀಸಲಾತಿ ಕಾಗದದ ಮೇಲೆ ಬಹಳ ಚೆನ್ನಾಗಿದೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ಗ್ರೂಪ್ ಡಿಯಲ್ಲಿ ಶೇ 20. 2021ರ ಜೂನ್ ಕೊನೆಯ ಲೆಕ್ಕ ಹೇಳುತ್ತೇನೆ, ಪುನರ್ವಸತಿ ಮಹಾನಿರ್ದೇಶನಾಲಯದ್ದು. 77 ಇಲಾಖೆಗಳಲ್ಲಿ ಮಾಹಿತಿ ಕೊಟ್ಟದ್ದೇ 34. ಆ 34ರಲ್ಲಿ ಗ್ರೂಪ್ ಸಿಯಲ್ಲಿ ಇದ್ದ ಮಾಜಿ ಸೈನಿಕರು ಶೇ 1.29, ಗ್ರೂಪ್ ಡಿಯಲ್ಲಿ ಶೇ 2.66. ಅಗ್ನಿವೀರರಿಗೆ ಕೊಡುತ್ತೇವೆಂದು 2022ರಲ್ಲಿ ಹೇಳಿದ ಶೇ 10ನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಓದಿ. ಘೋಷಣೆಯಾದ ಮೀಸಲಾತಿಗೂ ಕುರ್ಚಿಯಲ್ಲಿ ಕೂತ ಮನುಷ್ಯನಿಗೂ ಇರುವ ಅಂತರ ಅಲ್ಲಿದೆ.

ಎಲ್ಲ ತಪ್ಪು ದೆಹಲಿಯದು ಅಂತ ಬೆಂಗಳೂರು ಕೈತೊಳೆದುಕೊಳ್ಳುವ ಹಾಗಿಲ್ಲ. ಸೈನಿಕ ಕಲ್ಯಾಣ ರಾಜ್ಯ ಸರ್ಕಾರದ್ದೂ ಕೆಲಸ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ನಿವೃತ್ತರಾದ ಮೇಲೆ ಸುಮ್ಮನೆ ಮಡಿಕೇರಿಯಲ್ಲಿ ಕೂರಲಿಲ್ಲ, 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದರು. ಅವರ ಹೆಸರಿನ ರಸ್ತೆ, ಭವನ ನಮ್ಮಲ್ಲಿವೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಮಾತ್ರ ಎಲ್ಲ ಜಿಲ್ಲೆಯಲ್ಲೂ ಇಲ್ಲ, ಒಂದೊಂದಕ್ಕೆ ಎರಡು ಮೂರು ಜಿಲ್ಲೆ ಗಂಟುಹಾಕಿದ್ದಾರೆ. ಸರ್ಕಾರಿ ಜಮೀನು ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲಿದೆ. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಬರುವ ಉತ್ತರ "ಜಮೀನ ಇಲ್ರೀ". ಲೇಔಟಿಗೆ ಇರುತ್ತದೆ.

ಇನ್ನೊಂದು ಪ್ರಕರಣ ಹೇಳಲೇಬೇಕು. ನಮ್ಮ ರಾಜ್ಯದ ಒಬ್ಬ ಸುಬೇದಾರರು 2001ರಲ್ಲಿ, ಪಾಕಿಸ್ತಾನದ ಗಡಿಗೆ ಸೇನೆ ಕಳಿಸಿದ ಆಪರೇಷನ್ ಪರಾಕ್ರಮದ ಹೊತ್ತಿನಲ್ಲಿ ಮೃತರಾದರು. ಇಪ್ಪತ್ತು ವರ್ಷದ ಮೇಲೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮಾಜಿ ಸೈನಿಕ ಕೋಟಾದಲ್ಲಿ ಅರ್ಜಿ ಹಾಕಲು ಅವರ ಮಗಳು ಅವಲಂಬಿತರ ಗುರುತಿನ ಚೀಟಿ ಕೇಳಿದರು. ಮದುವೆಯಾಗಿದೆ, ಕೊಡಲಾಗದು ಅಂದರು. ಮಗನಿಗೆ ಮದುವೆಯಾಗಿದ್ದರೆ ಕೊಡುತ್ತಿದ್ದರು. 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ರದ್ದು ಮಾಡಿತು. ಮದುವೆಯಾದ ಮಗ ಮಗನಾಗಿಯೇ ಉಳಿಯುವುದಾದರೆ ಮಗಳೂ ಮಗಳೇ ಎಂದಿತು. ಒಂದು ಗುರುತಿನ ಚೀಟಿಗಾಗಿ ಹೈಕೋರ್ಟ್!

ಅಗ್ನಿವೀರನಿಗೆ 'ಮಾಜಿ ಸೈನಿಕ' ಸ್ಥಾನವೇ ಇಲ್ಲ ಎಂದೆನಲ್ಲ, ಈಗ ಅದರ ಅರ್ಥ ಗೊತ್ತಾಗುತ್ತದೆ. ರಾಜ್ಯದ ಈ ಕೋಟಾ, ಈ ಜಮೀನು, ಈ ಗುರುತಿನ ಚೀಟಿ, ಎಲ್ಲ ಆ ಎರಡು ಶಬ್ದಕ್ಕೆ ಕಟ್ಟಿಕೊಂಡಿವೆ. ನಿಯಮ ತಿದ್ದದೆ ಅವು ಅವನಿಗೆ ತಾವಾಗಿ ಸಿಗಲಾರವು. ನಿಮ್ಮ ಶಾಸಕರು ಊರಿಗೆ ಬಂದಾಗ, ಹಾರ ಹಾಕುವ ಮೊದಲು, ಇದೊಂದನ್ನು ಕೇಳಿ: ನಾಲ್ಕು ವರ್ಷ ಮುಗಿಸಿ ವಾಪಸ್ ಬರುವ ನಮ್ಮ ಹುಡುಗನಿಗೆ ರಾಜ್ಯದ ಪೊಲೀಸ್, ಅರಣ್ಯ, ಅಗ್ನಿಶಾಮಕ ಇಲಾಖೆಗಳಲ್ಲಿ ಏನು ಬರೆದಿಟ್ಟಿದ್ದೀರಿ? ಲೋಕಸಭಾ ಸದಸ್ಯರನ್ನಾದರೆ ಸ್ಥಾಯಿ ಸಮಿತಿಯ ಶಿಫಾರಸು ಏನಾಯಿತು ಅಂತ ಕೇಳಿ. ಸೇನೆ ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗಿಲ್ಲ. ಭದ್ರತೆಗೆ ಧಕ್ಕೆ ತರುವ ಮಾಹಿತಿ ಕೊಡುವುದಿಲ್ಲ, ಅದು ಸರಿ. ಆದರೆ ಖಾಲಿ ಹುದ್ದೆ ಎಷ್ಟು, ಬಾಕಿ ಅರ್ಜಿ ಎಷ್ಟು ಎಂಬುದನ್ನು ಹತ್ತು ರೂಪಾಯಿಯಲ್ಲಿ ಕೇಳಬಹುದು.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. "ಸರ, ಹಂಗಾದ್ರ ಭರ್ತಿಗೆ ಹೋಗೂದು ಬ್ಯಾಡಂತೀರೇನ್ರಿ?"

ಹೋಗಪ್ಪಾ, ಖಂಡಿತ ಹೋಗು. ಆದರೆ ಷರತ್ತುಗಳನ್ನು ಓದಿ ಹೋಗು, ಅವು ಸೇನೆಯ ವೆಬ್‌ಸೈಟಿನಲ್ಲೇ ಇವೆ. ಹತ್ತನೇ ತರಗತಿಗೇ ಹೋಗುವುದಾದರೆ ಒಳಗಿದ್ದಾಗಲೇ ಹನ್ನೆರಡನೆಯದರ ಸರ್ಟಿಫಿಕೇಟ್ ಪಡೆಯುವ ಅವಕಾಶವಿದೆ, ಬಿಡಬೇಡ. ಸೇವಾ ನಿಧಿ ಬಂದ ದಿನ ಬುಲೆಟ್ ಗಾಡಿ ತಗೊಳ್ಳಬೇಡ. (ಸಭೆ ನಕ್ಕಿತು. ಅವನು ನಗಲಿಲ್ಲ, ಬಹುಶಃ ಅದೇ ಯೋಚನೆ ಇತ್ತೋ ಏನೋ.)

ಎರಡನೆಯದು ಒಬ್ಬ ಅಮ್ಮನವರ ಪ್ರಶ್ನೆ. ಮಗ ಟ್ರೈನಿಂಗಿನಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟಾಗಿದೆ, ಮಿಲಿಟರಿ ಆಸ್ಪತ್ರೆಯಲ್ಲಿ (ಎಂಎಚ್) ಹದಿನೈದು ದಿನ ಇಟ್ಟು ಬಿಟ್ಟರು, ಫೋನ್ ಮಾಡಿದರೆ "ಏನಾಗಿಲ್ಲಬೇ" ಅನ್ನುತ್ತಾನೆ, ನಾವೇನು ಮಾಡಬೇಕು ಅಂತ.

ಅಮ್ಮಾ, ಅವನು ಹಾಗೇ ಹೇಳುತ್ತಾನೆ, ಪಕ್ಕದಲ್ಲಿ ಉಸ್ತಾದ ಇರಬಹುದು. ನೀವು ಇಷ್ಟು ಹೇಳಿ. ಬಿದ್ದ ದಿನದ ಇಂಜುರಿ ರಿಪೋರ್ಟ್ ಬರೆದಿದ್ದಾರೋ ಇಲ್ಲವೋ ನೋಡಿಕೊಳ್ಳಲಿ. ಬರೆದಿಲ್ಲವಾದರೆ ಈಗಲೇ ಬರೆಸಲಿ, ನಾಚಿಕೊಳ್ಳಬಾರದು. ಪೆರೇಡ್ ಹೊತ್ತಿನಲ್ಲಿ ಬಿದ್ದದ್ದೋ, ಬಿಡುವಿನಲ್ಲಿ ಬಿದ್ದದ್ದೋ ಎಂಬುದು ಅದರಲ್ಲಿ ಸರಿಯಾಗಿ ಬರಬೇಕು, ನಾಳೆ ಎಲ್ಲ ಅದರ ಮೇಲೆ ನಿಲ್ಲುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಫೋಟೊ ತೆಗೆದು ಮನೆಗೆ ಕಳಿಸಲಿ, ನೀವು ಝೆರಾಕ್ಸ್ ಮಾಡಿಸಿ ಇಡಿ. ಮುಂದೆ ಮೆಡಿಕಲ್ ಬೋರ್ಡ್ ಆಗಿ ಮನೆಗೆ ಕಳಿಸುವ ಮಾತು ಬಂದರೆ ಬೋರ್ಡಿನ ಪ್ರತಿ ಕೇಳಿ ಪಡೆಯಲಿ, ಅದು ಅವನ ಹಕ್ಕು. ಅವರು ಕೊಟ್ಟ ತೀರ್ಮಾನದ ಮೇಲೆ ಅಪೀಲು ಹಾಕಬಹುದು. ಅಪೀಲಿನ ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ದಿನ ಎಣಿಸಿಕೊಳ್ಳಿ, ತಡವಾದರೆ ಅದಕ್ಕೂ ಒಂದು ಅರ್ಜಿ ಬರೆಯಬೇಕಾಗುತ್ತದೆ. ಕಾಗದ ಇಂಗ್ಲಿಷಿನಲ್ಲಿ ಬಂದರೆ ಜಗುಲಿಯ ಮೇಲೆ ಇಡಬೇಡಿ, ಯಾರಿಂದಲಾದರೂ ಅದೇ ದಿನ ಓದಿಸಿ.